ನಲವತ್ತೆರಡು ಹೆಬ್ಬೆಟ್ಟು

ಹದಿನೇಳು ಮುಗಿದಿದ್ದವು. ಇಂದಕ್ಕ ಹದಿನೆಂಟನೆಯ ಹೆಬ್ಬೆರಳನ್ನು ಹಿಡಿದುಕೊಂಡಿದ್ದಳು. ಒದ್ದೆ ಬಟ್ಟೆಯಿಂದ ಅದನ್ನು ಒರೆಸಿ, ಸೆರಗಿನ ತುದಿಯಿಂದ ಆರಿಸಿ, ನನ್ನ ಮೈಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಮೆಲ್ಲಗೆ ಹೊರಳಿಸಿದಳು.

"ಗಟ್ಟಿ ಹಿಡೀಬ್ಯಾಡ ಫಕ್ಕೀರವ್ವಾ. ಕೈ ನಂದು ಅಂತ ತಿಳಕೋ. ಸಡ್ಲ ಬಿಡು."

"ನಿಮ್ದು ಅಂತ ತಿಳಕೊಂಡ್ರ ನಿಮಗ ಉರೀತೈತ್ರಿ ಅಕ್ಕಾರ. ಮುಂಜಾನಿಂದ ಮೆಣಸಿನಕಾಯಿನ್ಯಾಗ ಅದ್ದಿದ ಕೈ ಇದು."

"ಉರೀಲಿ ಬಿಡು. ಎತ್ತು ಈಗ. ಒಮ್ಮೆಲೆ ಎತ್ತು."

ಕಾಗದದ ಮೇಲೆ ಮೂಡಿದ್ದು ಗುರುತಲ್ಲ, ಒಂದು ನೇರಳೆ ಮಚ್ಚೆ. ಗೆರೆಗಳೇ ಇರಲಿಲ್ಲ. ಫಕ್ಕೀರವ್ವ ಬಗ್ಗಿ ನೋಡಿ ನಕ್ಕಳು. "ಗೆರಿ ಎಲ್ಲಾ ಮೆಣಸಿನಕಾಯಿ ತಿಂದೈತ್ರಿ. ದೇವರು ಬರದದ್ದನ್ನೂ ಅಳಿಸಿ ಹಾಕೈತಿ." ಹಿಂದೆ ಸಾಲಾಗಿ ಕುಳಿತಿದ್ದ ಹೆಂಗಸರೂ ನಕ್ಕರು. ಇಂದಕ್ಕ ನಗಲಿಲ್ಲ. ಅದೇ ಬೆರಳನ್ನು ಮತ್ತೆ ಒರೆಸಿ ಮತ್ತೆ ನನ್ನ ಮೇಲೆ ಹೊರಳಿಸಿದಳು.

ನಾನು ಒಂದು ಇಂಕ್ ಪ್ಯಾಡ್. ಜನ ನನ್ನನ್ನು ಹೆಬ್ಬೆಟ್ಟಿನ ಡಬ್ಬಿ ಎನ್ನುತ್ತಾರೆ. ತಗಡಿನ ಮೈ, ಮಡಚುವ ಮುಚ್ಚಳ, ಒಳಗೆ ನೇರಳೆ ಶಾಯಿ ಕುಡಿದ ಬಟ್ಟೆಯ ಮೆತ್ತೆ. ಮುಚ್ಚಳ ತೆರೆದಿದ್ದಾಗ ನನಗೆ ಕಾಣುತ್ತದೆ, ಮುಚ್ಚಿದ್ದಾಗ ಕೇಳುತ್ತದೆ ಮಾತ್ರ. ಯಾವುದೋ ತಗಡಿನ ಕಾರ್ಖಾನೆಯಲ್ಲಿ ನನ್ನಂಥ ಸಾವಿರ ಡಬ್ಬಿಗಳ ಜೊತೆ ಹುಟ್ಟಿದೆ. ಹುಲಗಿನಾಳದ ಪುಸ್ತಕದ ಅಂಗಡಿಯಲ್ಲಿ ಒಂದು ಬೇಸಿಗೆಯಿಡೀ ದೂಳು ತಿಂದೆ. ಇದನ್ನೆಲ್ಲ ನಾನು ಬದುಕು ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೋಟೆಪ್ಪನ ಓಣಿಯ ಬಾಡಿಗೆ ಮನೆಗೆ 'ಚನ್ನವೀರ ಹೂಲಿಕಟ್ಟಿ, ವಕೀಲರು' ಎಂಬ ಹಲಗೆ ಬಂತಲ್ಲ, ಅದೇ ದಿನ ಅದೇ ಚೀಲದಲ್ಲಿ ನಾನೂ ಬಂದೆ. ನನ್ನ ಬದುಕು ಅಲ್ಲಿಂದ.

ಹಲಗೆ ವಕೀಲರದು. ನಾನು ಮಾತ್ರ ಮೊದಲ ವಾರದಲ್ಲೇ ಅವರ ಹೆಂಡತಿಯ ಕೈಗೆ ಹೋದೆ. ವಕೀಲರಿಗೆ ಶಾಯಿ ಮೆತ್ತಿಕೊಂಡರೆ ಆಗುತ್ತಿರಲಿಲ್ಲ. ಬಿಳಿ ಅಂಗಿಯ ತೋಳಿಗೆ ಕಲೆ ಆಗುತ್ತದೆ ಎಂದು ದೂರ ನಿಲ್ಲುತ್ತಿದ್ದರು. ಬಂದ ಹೆಂಗಸರೂ ಪರಗಂಡಸು ಕೈ ಹಿಡಿದರೆ ಮುದುಡಿಕೊಳ್ಳುತ್ತಿದ್ದರು. ಹೀಗೆ ಅದು ಇಂದುಮತಿಯ, ಅಂದರೆ ಇಂದಕ್ಕನ ಕೆಲಸವಾಯಿತು. ಒಲೆಯ ಮೇಲೆ ಬೇಳೆ ಇಟ್ಟು ಹೊರಗಿನ ಕೋಣೆಗೆ ಬರುತ್ತಿದ್ದಳು, ನಾಲ್ಕು ಹೆಬ್ಬೆಟ್ಟು ಒತ್ತಿಸುತ್ತಿದ್ದಳು, ಬೇಳೆ ಉಕ್ಕುವ ಹೊತ್ತಿಗೆ ಒಳಗೆ ಹೋಗುತ್ತಿದ್ದಳು. ಪಿಯುಸಿ ಮುಗಿಸಿದ್ದಳು. ಟೀಚರ್ ಆಗಬೇಕೆಂದು ಅರ್ಜಿ ಬರೆದಿಟ್ಟುಕೊಂಡಿದ್ದಾಗ ಮದುವೆಯಾಯಿತು. ಅಕ್ಷರ ಬಹಳ ಚೆಂದ. ಪ್ರತಿ ಗುರುತಿನ ಪಕ್ಕದಲ್ಲಿ ಅವಳೇ ಬರೆಯುತ್ತಿದ್ದಳು: 'ಫಕ್ಕೀರವ್ವ ಕೋಂ ಹನಮಪ್ಪ ಇವರ ಎಡಗೈ ಹೆಬ್ಬೆಟ್ಟಿನ ಗುರುತು.' ತನ್ನ ಹೆಸರನ್ನು ಎಲ್ಲೂ ಬರೆಯುತ್ತಿರಲಿಲ್ಲ. ಬರೆ ಎಂದು ಯಾರೂ ಹೇಳಿರಲಿಲ್ಲ.

ಹುಲಗಿನಾಳ ಮೆಣಸಿನಕಾಯಿ ಪೇಟೆಯ ಊರು. ಸುಗ್ಗಿಯಲ್ಲಿ ಊರಿಗೆ ಊರೇ ಸೀನುತ್ತದೆ. ಆ ಮೆಣಸಿನಕಾಯಿಯ ತೊಟ್ಟು ಬಿಡಿಸುವವರು ಹೆಂಗಸರು. ಪೇಟೆಯ ಹಿಂದಿನ ಸರ್ಕಾರಿ ಜಾಗದಲ್ಲಿ ಅವರ ನಲವತ್ತೆರಡು ಗುಡಿಸಲುಗಳಿದ್ದವು. ಆ ಜಾಗ ಖಾಲಿ ಮಾಡಿ ಎಂದು ನೋಟೀಸು ಬಂದಾಗ ಅವರು ಊರಿನ ದೊಡ್ಡ ವಕೀಲರ ಮನೆಗಳಿಗೆಲ್ಲ ಅಲೆದರು. ಆ ವಕೀಲರಿಗೆಲ್ಲ ಪೇಟೆಯ ವ್ಯಾಪಾರಿಗಳೇ ಕಕ್ಷಿದಾರರು. ಕೊನೆಗೆ ಹೊಸ ಹಲಗೆ ಕಂಡು ನಮ್ಮ ಬಾಗಿಲಿಗೆ ಬಂದರು. ನಾನು ಮೊದಲು ಹೇಳಿದ್ದು ಆ ದಿನದ ಮಾತು.

ಆ ದಿನ ವಕೀಲರು ಬಾಗಿಲಲ್ಲಿ ನಿಂತು ಹೆಂಡತಿಗೆ ಹೇಳಿದರು: "ಇಂದೂ, ವಕಾಲತ್ತು ಆದಮ್ಯಾಲ ಖಾಲಿ ಹಾಳಿ ಮ್ಯಾಲೂ ಎರಡೆರಡು ತಗೊಂಡಿಡು. ಅರ್ಜಿ ತಿದ್ದೂದು ಬಂದ್ರ ಅವರನ್ನ ಮತ್ತ ಕರಸೂದು ಬ್ಯಾಡ. ಒಂದು ದಿನದ ಕೂಲಿ ಹೊಕ್ಕೈತಿ ಪಾಪ."

ಕೋರ್ಟಿನ ಸುತ್ತ ಇದು ಎಲ್ಲ ವಕೀಲರ ರೂಢಿ. ಬರಹ ತಪ್ಪಿದರೆ, ಗುರುತು ಮಸುಕಾದರೆ ಇರಲಿ ಎಂದು ಖಾಲಿ ಹಾಳೆಯ ಕೆಳತುದಿಯಲ್ಲಿ ಒಂದೆರಡು ಹೆಚ್ಚಿನ ಹೆಬ್ಬೆಟ್ಟು. ಗೆರೆ ಸವೆದ ಈ ಬೆರಳುಗಳಿಗಂತೂ ಅದು ಬೇಕೇ ಬೇಕಿತ್ತು. ನಾನು ಸುಳ್ಳು ಹೇಳುವುದಿಲ್ಲ. ಆ ದಿನ ಆ ಮಾತಿನಲ್ಲಿ ಕಪಟವಿರಲಿಲ್ಲ. ಕೂಲಿ ತಪ್ಪಬಾರದು ಎಂದೇ ಅವರು ಹೇಳಿದರು. ಹೆಂಗಸರೂ ಹಾಗೆಯೇ ತಿಳಿದರು. "ಇಂಥಾ ವಕೀಲ್ರು ಸಿಗಬೇಕಲ್ರಿ," ಎಂದು ಖಾಲಿ ಹಾಳೆಯ ಮೇಲೆ ಬೆರಳು ಊರಿದರು. ಊರಿದ್ದು ವಕೀಲರನ್ನು ನಂಬಿ ಅಲ್ಲ, ತಮ್ಮ ಮಣಿಕಟ್ಟು ಹಿಡಿದ ಕೈಯನ್ನು ನಂಬಿ. ಇದು ನನಗೆ ಗೊತ್ತು. ಬೆರಳು ಅಂಜಿದರೆ ಗಟ್ಟಿಯಾಗುತ್ತದೆ. ಅವು ಸಡಿಲವಾಗಿದ್ದವು.

ಆ ದಿನ ಸಂಜೆಯವರೆಗೂ ಇಂದಕ್ಕ ಎಡಗೈಗೆ ಮೊಸರು ಹಚ್ಚಿಕೊಂಡು, ಉಫ್ ಉಫ್ ಎಂದು ಊದಿಕೊಳ್ಳುತ್ತ ಒಂದೇ ಕೈಯಲ್ಲಿ ರೊಟ್ಟಿ ತಟ್ಟಲು ನೋಡಿದಳು. ನನ್ನ ಮೆತ್ತೆಯೂ ವಾರಗಟ್ಟಲೆ ಖಾರವಾಗಿತ್ತು.

ಕೇಸು ಮೂರು ವರ್ಷ ನಡೆಯಿತು. ಹೂಲಿಕಟ್ಟಿ ವಕೀಲರು ಚೆನ್ನಾಗಿಯೇ ವಾದಿಸಿದರು. ಜಾಗ ಹೆಂಗಸರದೇ ಎಂದು ಆಯಿತು. ಹಕ್ಕುಪತ್ರ ಬಂತು, ಗುಡಿಸಲುಗಳ ಜಾಗದಲ್ಲಿ ಹೆಂಚಿನ ಮನೆಗಳು ಬಂದವು. ಹೆಂಗಸರು ವಕೀಲರಿಗೆ ಚೆಂಡು ಹೂವಿನ ಮಾಲೆ ಹಾಕಿ ಪೇಟೆಯ ತುಂಬ ಮೆರವಣಿಗೆ ಮಾಡಿದರು. ಉಳಿದ ಖಾಲಿ ಹಾಳೆಗಳನ್ನು ಹರಿದು ಹಾಕಬೇಕಿತ್ತು. ಮೆರವಣಿಗೆಯ ಸಂಭ್ರಮದಲ್ಲಿ ಅದು ಯಾರಿಗೂ ನೆನಪಾಗಲಿಲ್ಲ. ಕೇಸಿನ ಕಡತಕ್ಕೆ ಕೆಂಪು ಲಾಡಿ ಕಟ್ಟಿ ಅಟ್ಟದ ಮೇಲೆ ಇಟ್ಟರು.

ಆಮೇಲೆ ಎರಡು ಮೂರು ವರ್ಷಕ್ಕೆ ತಾಲೂಕಿಗೆ ಸಾಕ್ಷರತಾ ಆಂದೋಲನ ಬಂತು. ಕಲಿಸುವವರು ಯಾರಾದರೂ ಇದ್ದೀರಾ ಎಂದು ಮನೆ ಮನೆಗೆ ಕೇಳುತ್ತ ಬಂದವರಿಗೆ ಇಂದಕ್ಕ ಹೆಸರು ಕೊಟ್ಟಳು. ವಕೀಲರು ಆಗ ಪುರಸಭೆಯ ಸದಸ್ಯರಾಗಿದ್ದರು. ಸಂಜೆಯಾದರೆ ಯಾರದೋ ಅಂಗಡಿಯ ಮಾಳಿಗೆಯಲ್ಲಿ ರಾಜಕೀಯ. ಆ ಹೊತ್ತಿಗೆ ನಮ್ಮ ಹೊರಗಿನ ಕೋಣೆ ತುಂಬ ಪೇಟೆಯ ಹೆಂಗಸರು. ಮೇಜಿನ ಮೇಲೆ ಮುಚ್ಚಳ ತೆರೆದುಕೊಂಡು ನಾನು ಎಲ್ಲವನ್ನೂ ನೋಡುತ್ತಿದ್ದೆ.

"ಅಕ್ಕಾರ, ನಮ್ಮವ್ವಗ ಬುದ್ಧಿ ಇರಲಿಲ್ರಿ," ಎಂದಳು ಒಂದು ದಿನ ಫಕ್ಕೀರವ್ವ, ಸ್ಲೇಟನ್ನು ನೆಲಕ್ಕೆ ಕುಕ್ಕಿ. "ಗಂಗಿ ಅಂತ ಇಟ್ಟಿದ್ರ ಎರಡು ಅಕ್ಷರದಾಗ ಮುಗೀತಿತ್ತು. ಇದ್ಯಾವ ಹೆಸರ್ರಿ, ಮ್ಯಾಲೊಂದು ಕೆಳಗೊಂದು, ಬಾಲಕ್ಕ ಬಾಲ!"

"ನಿನ್ನ ಗಂಡಗ ಹನಮ್ಯಾ ಅನ್ನೂಮುಂದ ಬಾಯಿ ಎಷ್ಟ ಚುರುಕು ಐತಿ, ಕೈ ಯಾಕಬೇ ಇಷ್ಟು ಮಂದ?" ಎಂದಳು ಪಕ್ಕದಲ್ಲಿದ್ದ ಮಾಬೂಬಿ.

"ನೀ ಸುಮ್ಕಿರಬೇ. ನಿಂದು ಮೂರ ಅಕ್ಷರ."

ನಗು, ಸೀನು, ಬಳಪದ ಪುಡಿ. ಎರಡು ವರ್ಷ ಹೀಗೆ ನಡೆಯಿತು. ನಲವತ್ತೊಂದು ಜನ ಸಹಿ ಕಲಿತ ಮೇಲೆ ಕೊನೆಗೆ ಫಕ್ಕೀರವ್ವನೂ ಕಲಿತಳು. ರೇಷನ್ ಕಾರ್ಡಿನ ಕಾಗದಕ್ಕೆ ಅವಳು ಮೊದಲ ಸಹಿ ಹಾಕಿದ್ದು ಇದೇ ಮೇಜಿನ ಮೇಲೆ. ಹೆಸರು ಮುಗಿಸುವಷ್ಟರಲ್ಲಿ ಹಣೆಯ ಬೆವರು ಹುಬ್ಬಿಗಿಳಿದಿತ್ತು. ಮುಗಿಸಿದವಳು ನನ್ನ ಮುಚ್ಚಳವನ್ನು ತಾನೇ ಟಪ್ಪೆಂದು ಮುಚ್ಚಿದಳು. "ನಡೀ ನೀನಿನ್ನ," ಎಂದಳು ನನಗೆ.

ನನಗೆ ಬೇಜಾರಾಗಲಿಲ್ಲ. ಕೆಲಸ ಕಳೆದುಕೊಂಡು ಇಷ್ಟು ಸಂತೋಷಪಟ್ಟ ವಸ್ತು ಬೇರೆ ಇರಲಿಕ್ಕಿಲ್ಲ. ಅಂದಿನಿಂದ ಆ ನಲವತ್ತೆರಡು ಜನರಲ್ಲಿ ಯಾರೊಬ್ಬರೂ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಿಲ್ಲ. ಬ್ಯಾಂಕಿನಲ್ಲಿ ಗುಮಾಸ್ತ "ಹೆಬ್ಬೆಟ್ಟು ಸಾಕವ್ವಾ" ಎಂದರೂ ಪೆನ್ನು ಕಸಿದುಕೊಂಡು ಸಹಿ ಹಾಕಿ ಬರುತ್ತಿದ್ದರು, ಬಂದು ಇಂದಕ್ಕನಿಗೆ ಹೇಳಿ ಹೋಗುತ್ತಿದ್ದರು.

ವಕೀಲರಿಗೆ ಇದು ಗೊತ್ತಿತ್ತೇ? ಒಮ್ಮೆ ರಾತ್ರಿ ಊಟಕ್ಕೆ ಬಂದವರು ಕೋಣೆಯ ನೆಲ ನೋಡಿ, "ಏನಿದು ಬಿಳೇ ಪುಡಿ? ಕಸ ಹೊಡಿಯವರಿಲ್ಲೇನು?" ಎಂದರು. ಇಂದಕ್ಕ ಗುಡಿಸಿದಳು. ಅವರು ಅಷ್ಟೇ ಕೇಳಿದ್ದು, ಅವಳು ಹೇಳಿದ್ದೂ ಅಷ್ಟೇ. ತನ್ನ ಮನೆಯ ಹೊರಗಿನ ಕೋಣೆಯಲ್ಲಿ ಎರಡು ವರ್ಷ ನಡೆದದ್ದನ್ನು ಆ ಮನುಷ್ಯ ಒಂದು ಚಿಟಿಕೆ ಬಳಪದ ಪುಡಿಯಾಗಿ ಮಾತ್ರ ಕಂಡರು.

ಮುಂದೆ ವಿಧಾನಸಭೆಯ ಚುನಾವಣೆ ಬಂತು. ಟಿಕೆಟ್ ಸಿಕ್ಕ ದಿನವೇ ವಕೀಲರು ನನ್ನನ್ನು ಹುಡುಕಿದರು. ನನಗೆ ಆಶ್ಚರ್ಯ. ಅಷ್ಟು ವರ್ಷಗಳಲ್ಲಿ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ಪೇಟೆಯ ಮುಂದಿನ ಮೈದಾನದಲ್ಲಿ ವೇದಿಕೆ ಕಟ್ಟಿದ್ದರು. ವಕೀಲರು ನನ್ನನ್ನು ಎತ್ತಿ ಹಿಡಿದು ಮೈಕಿನ ಮುಂದೆ ಕೂಗಿದರು:

"ತಾಯಂದಿರೇ, ಈ ಡಬ್ಬಿ ನೋಡ್ರಿ! ನಿಮ್ಮ ಹೆಬ್ಬೆಟ್ಟು ಇದರ ಮ್ಯಾಲ ಒತ್ತಿಸಿದ್ದು ಇದ ಕೈ! ಖಾರಕ್ಕ ಉರಿದ ಕೈ ಇದು! ಮೂರು ದಿವಸ ಅನ್ನಕ್ಕ ಕೈ ಹಚ್ಚಾಕ ಆಗಲಿಲ್ಲ ನನಗ!"

ಚಪ್ಪಾಳೆಯೋ ಚಪ್ಪಾಳೆ. ವೇದಿಕೆಯ ಮೇಲಿಂದ ನನಗೆ ಎಲ್ಲ ಕಾಣುತ್ತಿತ್ತು. ಹೆಂಗಸರ ಸಾಲಿನ ಮಧ್ಯೆ ಇಂದಕ್ಕ ಕುಳಿತಿದ್ದಳು. ಅವಳ ಕೈ ಮಡಿಲಲ್ಲಿತ್ತು. ಅಭ್ಯರ್ಥಿಯ ಹೆಂಡತಿ ಚಪ್ಪಾಳೆ ತಟ್ಟದಿದ್ದರೆ ನಾಲ್ಕು ಜನ ಗಮನಿಸುತ್ತಾರೆ ಎಂದು ಆಮೇಲೆ ನೆನಪಾಗಿರಬೇಕು, ಎರಡು ಸಲ ತಟ್ಟಿದಳು. ಅವಳ ಪಕ್ಕದಲ್ಲಿದ್ದ ಫಕ್ಕೀರವ್ವ ಬಗ್ಗಿ ಏನೋ ಹೇಳಿದಳು. ಆ ಗದ್ದಲದಲ್ಲಿ ನನಗೆ ಕೇಳಿಸಲಿಲ್ಲ. ಮನೆಗೆ ಬಂದ ಮೇಲೆ ಇಂದಕ್ಕ ಮುಖ ತೊಳೆಯುತ್ತ ತನಗೆ ತಾನೇ ಅದನ್ನು ಹೇಳಿಕೊಂಡು ನಕ್ಕಾಗ ಗೊತ್ತಾಯಿತು: "ಅಕ್ಕಾರ, ಸಾಹೇಬ್ರ ಕೈ ಯಾವಾಗ ಉರಿದಿತ್ರಿ? ಮೊಸರು ಹಚ್ಚಿದ್ದು ಯಾರ ಕೈಗೆ?" ನಗು ಬೇಗ ನಿಂತುಹೋಯಿತು.

ವಕೀಲರು ಗೆದ್ದರು. ಎಂ.ಎಲ್.ಎ. ಸಾಹೇಬರಾದರು. ಬಾಡಿಗೆ ಮನೆ ಹೋಗಿ ದೊಡ್ಡ ಮನೆ ಬಂತು. ಮುಂದಿನ ಅರ್ಧ ಆಫೀಸು, ಹಿಂದಿನ ಅರ್ಧ ಸಂಸಾರ. ನಡುವೆ ಒಂದು ಬಾಗಿಲು. ನನ್ನನ್ನು ಆಫೀಸಿನ ಗಾಜಿನ ಕಪಾಟಿನಲ್ಲಿ ಶಾಲು, ಹಾರ, ನೆನಪಿನ ಕಾಣಿಕೆಗಳ ನಡುವೆ ಇಟ್ಟರು. ಮುಚ್ಚಳ ತೆರೆದೇ ಇಟ್ಟರು, ಬಂದವರಿಗೆ ಕಾಣಲಿ ಎಂದು. ಒಂದೇ ವರ್ಷಕ್ಕೆ ನನ್ನ ಮೆತ್ತೆ ಒಣಗಿ ಬಿರಿಯಿತು. ಐದು ವರ್ಷದ ನಂತರ ಅವರು ಎರಡನೆಯ ಸಲವೂ ಗೆದ್ದರು. ಅದೇ ಭಾಷಣ, ಅದೇ ಡಬ್ಬಿ.

ಆ ಗಾಜಿನ ಹಿಂದೆ ನಿಂತು ನಾನು ನೋಡಿದ್ದು ಸಾಕಷ್ಟಿದೆ. ಒಂದನ್ನು ಹೇಳುತ್ತೇನೆ. ಪೇಟೆಯ ಕೊಳಚೆ ನೀರು ಮನೆಯೊಳಗೆ ನುಗ್ಗುತ್ತಿದೆ ಎಂದು ಫಕ್ಕೀರವ್ವ ಒಂದು ಬೆಳಿಗ್ಗೆ ಅರ್ಜಿ ತಂದಳು. ಸಾಹೇಬರ ಆಪ್ತ ಸಹಾಯಕ ಮಂಜಪ್ಪ ಅವಳನ್ನು ಜಗುಲಿಯ ಮೇಲೆ ಕೂಡಿಸಿದ. "ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ." ಸಾಹೇಬರು ಒಳಗೆ ಪೇಪರ್ ಓದುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವಳು ಎದ್ದು, "ಮೀಟಿಂಗ್ ಮುಗದ್ರ ಇದನ್ನ ಕೊಡ್ರಿ. ನಮ್ಮ ಕೇಸು ನಡೆದಾಗ ಇಷ್ಟು ಮೀಟಿಂಗ್ ಇರಲಿಲ್ಲ ಅವರಿಗೆ," ಎಂದು ಅರ್ಜಿ ಕೊಟ್ಟು ಹೋದಳು. ಅದರ ಕೆಳಗೆ ಅವಳ ಸಹಿ ಇತ್ತು. ಮಂಜಪ್ಪ ಅದನ್ನು ಬಿಡಿಸಿಯೂ ನೋಡದೆ ಹೂದಾನಿಯ ಕೆಳಗೆ ಇಟ್ಟ. ಹೂದಾನಿ ಅಲುಗಾಡುತ್ತಿತ್ತು, ಕಾಗದದ ಮಡಿಕೆ ಸರಿಹೋಯಿತು.

ಇನ್ನು ಈಚೆಗೆ ನಡೆದದ್ದು.

ಸಾಹೇಬರ ತಂಗಿಯ ಗಂಡ ಗುರುಶಾಂತಪ್ಪನಿಗೆ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ಕಟ್ಟಬೇಕಾಗಿತ್ತು. ಪೇಟೆಗೆ ಅಂಟಿದ ಜಾಗವೇ ಬೇಕು. ಪೇಟೆಗೆ ಅಂಟಿದ ಜಾಗ ಎಂದರೆ ಆ ನಲವತ್ತೆರಡು ಮನೆಗಳು. ಅವರನ್ನು ಊರಿಂದ ನಾಲ್ಕು ಮೈಲಿ ಆಚೆ, ಗುಡ್ಡದ ಬದಿಯ ಹೊಸ ಲೇಔಟಿಗೆ ಸಾಗಿಸುವುದು ಎಂದು ಭಾವ ಮೈದುನ ಇಬ್ಬರೂ ಗಾಜಿನ ಕಪಾಟಿನ ಮುಂದೆಯೇ ಕೂತು ಮಾತಾಡಿದರು. ಹೆಂಗಸರನ್ನು ಕೇಳಿದ್ದೂ ಆಯಿತು. "ಗುಡ್ಡದಾಗ ತೊಟ್ಟು ಬಿಡಸಾಕ ಮೆಣಸಿನಕಾಯಿ ಯಾರು ತಂದು ಕೊಡ್ತಾರ್ರಿ?" ಎಂದು ಅವರು ಒಂದೇ ಮಾತಿನಲ್ಲಿ ಒಲ್ಲೆ ಎಂದರು. ಆದರೆ ಜಾಗ ಬಿಟ್ಟುಕೊಡಲು ಪ್ರತಿಯೊಬ್ಬರ ಒಪ್ಪಿಗೆ ಪತ್ರ ಬೇಕು, ಅದನ್ನು ಎ.ಸಿ. ಸಾಹೇಬರು, ಅಂದರೆ ಉಪವಿಭಾಗಾಧಿಕಾರಿಗಳು, ವಿಚಾರಣೆ ಮಾಡಿ ನೋಡಬೇಕು ಎಂದು ಕಾನೂನು.

ಆಗ ಸಾಹೇಬರಿಗೆ ಹಳೆಯ ಕಡತ ನೆನಪಾಯಿತು.

ಮಂಜಪ್ಪ ಅದನ್ನು ತಂದು ಲಾಡಿ ಬಿಚ್ಚಿದ. ಕೋರ್ಟಿನ ಉದ್ದನೆಯ ಹಸಿರು ಹಾಳೆಗಳು ಅಂಚಿನಲ್ಲಿ ಕಂದಿದ್ದವು. ಮೇಲೆಲ್ಲ ಖಾಲಿ. ಕೆಳತುದಿಯಲ್ಲಿ ನೇರಳೆ ಗುರುತು, ಪಕ್ಕದಲ್ಲಿ ಇಂದಕ್ಕನ ಮುತ್ತಿನಂಥ ಅಕ್ಷರ. ಆ ಗುರುತುಗಳನ್ನು ನಾನು ನೋಡಿದ ಕೂಡಲೇ ಗುರುತಿಸಿದೆ, ನನ್ನವೇ ಅಲ್ಲವೇ. ಮಂಜಪ್ಪ ಆ ಹಾಳೆಗಳನ್ನು ಒಂದೊಂದಾಗಿ ಪ್ರಿಂಟರಿಗೆ ಹಾಕಿದ. ಹಳೆಯ ಗುರುತಿನ ಮೇಲ್ಗಡೆ ಹೊಸ ಕಪ್ಪು ಅಕ್ಷರ ಬಂತು: 'ನಾನು ಸ್ವಸಂತೋಷದಿಂದ ಸದರಿ ಜಾಗವನ್ನು ಬಿಟ್ಟುಕೊಟ್ಟಿರುತ್ತೇನೆ.' ಕೆಳಗೆ ಈ ತಿಂಗಳ ತಾರೀಖು.

ಸ್ವಸಂತೋಷ! ಮೂವತ್ತೊಂಬತ್ತು ಸಲ ಆ ಯಂತ್ರ ಆ ಶಬ್ದವನ್ನು ಉಗುಳಿತು.

ಮೂರು ಜನರ ಹಾಳೆಗಳನ್ನು ಗೆದ್ದಲು ತಿಂದಿತ್ತು. "ಮೂರು ಕಡಿಮಿ ಬಿದ್ವು ಸರ್," ಎಂದ ಮಂಜಪ್ಪ. ಸಾಹೇಬರು ಮೊಬೈಲಿನಿಂದ ತಲೆ ಎತ್ತದೆ ಗಾಜಿನ ಕಪಾಟಿನ ಕಡೆ ಬೆರಳು ತೋರಿಸಿದರು.

ಇಲ್ಲಿಂದ ಮುಂದೆ ಆ ಮನುಷ್ಯನನ್ನು ಬಹುವಚನದಲ್ಲಿ ಕರೆಯಲು ನನಗೆ ಮನಸ್ಸಿಲ್ಲ.

ಮಂಜಪ್ಪ ನನ್ನನ್ನು ಹೊರತೆಗೆದು ಬಿರಿದ ಮೆತ್ತೆಯ ಮೇಲೆ ಶಾಯಿ ಸುರಿದ. ಎಷ್ಟೋ ವರ್ಷದ ಬಾಯಾರಿಕೆ, ನಾನು ಹೀರಿಕೊಂಡೆ. ಅದಕ್ಕೆ ಈಗಲೂ ನಾಚಿಕೆಯಾಗುತ್ತದೆ. ಕಡತದಲ್ಲಿ ಗುರುತಿಲ್ಲದೆ ಉಳಿದಿದ್ದ ಮೂರು ಕಂದಿದ ಹಾಳೆ ಆರಿಸಿಕೊಂಡು, ಅದೇ ಒಕ್ಕಣೆ ಅಚ್ಚುಹಾಕಿ, ತನ್ನದೇ ಹೆಬ್ಬೆರಳನ್ನು ಮೂರು ಸಲ ನನ್ನ ಮೇಲೆ ಒತ್ತಿದ. ಮೆತ್ತನೆಯ ಬೆರಳು. ಒಂದು ದಿನವೂ ತೊಟ್ಟು ಬಿಡಿಸಿರದ ಬೆರಳು. ಗೆರೆಗಳು ಎಷ್ಟು ಸ್ಪಷ್ಟವಾಗಿ ಮೂಡಿದವೆಂದರೆ ಅವನೇ ಮೆಚ್ಚಿಕೊಂಡ: "ಚೊಲೋ ಬಂದೈತಿ ಸರ್." ತಗಡಿಗೆ ಬಾಯಿ ಇದ್ದಿದ್ದರೆ ನಾನು ಆ ಬೆರಳನ್ನು ಕಚ್ಚುತ್ತಿದ್ದೆ.

ನನ್ನನ್ನು ಮುಚ್ಚದೆ ಮೇಜಿನ ಮೇಲೆ ಬಿಟ್ಟ. ಅಷ್ಟರಲ್ಲಿ ಇಂದಕ್ಕ ಚಹಾ ತಂದಳು. ಕಪ್ಪು ತೆಗೆದುಕೊಳ್ಳಲು ಮಂಜಪ್ಪ ಕೈ ಚಾಚಿದಾಗ ಅವಳು ಅವನ ಹೆಬ್ಬೆರಳು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಬಾ, ಛಲೋ ಆತು ನೀ ಬಂದಿ," ಎಂದ ಹೂಲಿಕಟ್ಟಿ. "ಇವು ಪ್ಯಾಟಿ ಹೆಂಗಸರ ಒಪ್ಪಿಗಿ ಪತ್ರ. ಸಾಕ್ಷಿ ಅಂತ ಕೆಳಗ ನಿನ್ನ ಸಹಿ ಬೇಕು. ಅಕ್ಷರ ನಿನ್ನವ ಅದಾವ. ನೀ ಹಾಕಿದ್ರ ಯಾರೂ ಪ್ರಶ್ನೆ ಮಾಡಂಗಿಲ್ಲ. ಮೂರಕ್ಕ ಹೆಸರು ಬರಿಯೂದೂ ಐತಿ, ಬರದುಬಿಡು."

ಅವಳು ಮೇಲಿನ ಹಾಳೆ ಎತ್ತಿಕೊಂಡು ಓದಿದಳು. ಫಕ್ಕೀರವ್ವ ಕೋಂ ಹನಮಪ್ಪ.

"ಅವರಿಗೆ ಹೇಳೀರೇನು?"

"ಹೇಳೂದೇನೈತಿ? ಇದ್ದ ಜಾಗಕ್ಕ ಜಾಗ ಕೊಡ್ತೀವಿ."

"ಅದು ನಾಕು ಮೈಲಿ ದೂರ. ಸುಗ್ಗಿಯೊಳಗ ಸೂರ್ಯ ಹುಟ್ಟೂಕಿಂತ ಮೊದಲ ಪ್ಯಾಟ್ಯಾಗ ಇರಬೇಕು ಅವರು."

"ಬಸ್ ಬಿಡಸ್ತೀನಿ."

"ಈ ಗುರುತು..." ಎಂದಳು. ನಿಲ್ಲಿಸಿದಳು. "ಈ ಗುರುತು ಯಾವಾಗ ತಗೊಂಡದ್ದು ಅಂತ ಎ.ಸಿ. ಸಾಹೇಬ್ರು ಕೇಳಿದ್ರ?"

ಹೂಲಿಕಟ್ಟಿ ನಕ್ಕ. "ಇಂದೂ, ಇಪ್ಪತ್ತು ವರ್ಷ ಕೋರ್ಟಿನ್ಯಾಗ ನಿಂತವ ನಾನು. ಹೆಬ್ಬೆಟ್ಟಿನ ಮ್ಯಾಲ ತಾರೀಖು ಇರಂಗಿಲ್ಲ. ಓದು ಬರಹ ಇಲ್ಲದವರು, ಹೆಬ್ಬೆಟ್ಟು ಒತ್ತ್ಯಾರ, ಮುಗೀತು."

ಓದು ಬರಹ ಇಲ್ಲದವರು.

ಅವಳ ಬಾಯಿ ಅರ್ಧ ತೆರೆಯಿತು. ನಾನು ಎದುರಿಗೇ ಇದ್ದೆ, ಕಣ್ಣಾರೆ ನೋಡಿದೆ. ಹದಿನಾಲ್ಕು ವರ್ಷದಿಂದ ಅವರು ಸಹಿ ಹಾಕುತ್ತಾರೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಬ್ಯಾಂಕಿನಲ್ಲಿ, ರೇಷನ್ ಕಚೇರಿಯಲ್ಲಿ, ಈ ಹೂದಾನಿಯ ಕೆಳಗಿನ ಕಾಗದದಲ್ಲಿ, ಎಲ್ಲ ಕಡೆ ಅವರ ಸಹಿಯಿದೆ. ಈಗ ಇದ್ದಕ್ಕಿದ್ದಂತೆ ನಲವತ್ತೆರಡು ಜನರೂ ಹೆಬ್ಬೆಟ್ಟು ಒತ್ತಿದರೆ ಎಂಥ ಅಧಿಕಾರಿಗೂ ಸಂಶಯ ಬರುತ್ತದೆ. ಅಷ್ಟು ದೊಡ್ಡ ತಪ್ಪು ಈ ವಕೀಲನ ಲೆಕ್ಕದಲ್ಲಿ ಬಿದ್ದಿತ್ತು. ಹೇಳಿದರೆ? ಹೇಳಿದರೆ ನಾಳೆಯೊಳಗೆ ತಿದ್ದಿಕೊಳ್ಳುತ್ತಾನೆ. ಮಂಜಪ್ಪನ ಕೈಯಿಂದ ನಲವತ್ತೆರಡು ಸಹಿಗಳು ಬರುತ್ತವೆ.

ಬಾಯಿ ಮುಚ್ಚಿತು.

"ಕಣ್ಣಿಗೆ ಚಸ್ಮಾ ಇಲ್ಲ," ಎಂದಳು. "ಇಟ್ಟು ಹೋಗ್ರಿ. ಕುಂತು ಹಾಕ್ತೀನಿ."

"ಮಂಜಪ್ಪ ನಾಳೆ ಒಂಬತ್ತಕ್ಕ ಬಂದು ಒಯ್ತಾನ. ಹನ್ನೊಂದಕ್ಕ ವಿಚಾರಣಿ. ನಾ ಅಧಿವೇಶನಕ್ಕ ಹೊರಟೆ." ಎದ್ದವನು ಬಾಗಿಲಲ್ಲಿ ತಿರುಗಿ, "ಯಾಕ, ಮಾರಿ ಯಾಕ ಹಂಗ ಮಾಡೀ?" ಎಂದ.

"ಚಹಾ ಆರಿತು ನೋಡ್ರಿ," ಎಂದಳು.

ಕಾರು ಹೋಯಿತು. ಇಂದಕ್ಕ ನಿನ್ನೆ ಹಾಳೆಗಳನ್ನು ಮುಟ್ಟಲಿಲ್ಲ. ಇವತ್ತು ಬೆಳಿಗ್ಗೆ ಸ್ನಾನ ಮಾಡಿ, ಚಸ್ಮಾ ಹಾಕಿಕೊಂಡು ಆಫೀಸಿನ ಮೇಜಿಗೆ ಬಂದು ಕುಳಿತಳು, ಗಂಡನ ಕುರ್ಚಿಯಲ್ಲೇ. ಒಂದೊಂದು ಹಾಳೆಯನ್ನೂ ಬೆಳಕಿಗೆ ಹಿಡಿದು ನೋಡಿದಳು. ಕೆಲವು ಕಡೆ ಬೆರಳಿನಿಂದ ಗುರುತನ್ನು ಸವರಿದಳು. ಮಾಬೂಬಿಯ ಹಾಳೆಯಲ್ಲಿ ಗುರುತು ಅಂಚಿಗೆ ಜಾರಿತ್ತು. ಅವಳು ಆ ದಿನ ಸೀನಿದ್ದಳು, ನನಗೆ ನೆನಪಿದೆ. ಇಂದಕ್ಕನಿಗೂ ನೆನಪಾಗಿರಬೇಕು, ಆ ಹಾಳೆಯನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದಳು. ಮೂರು ಹಾಳೆಗಳನ್ನು, ಆ ಸ್ಪಷ್ಟ ಗೆರೆಗಳವನ್ನು, ಬೇರೆಯಾಗಿ ತೆಗೆದಿಟ್ಟಳು. ಅವುಗಳ ಪಕ್ಕದಲ್ಲಿ ಯಾವ ಹೆಸರನ್ನೂ ಬರೆಯಲಿಲ್ಲ. ಸಾಕ್ಷಿ ಎಂದು ಬರೆದ ಜಾಗ ನಲವತ್ತೆರಡರಲ್ಲೂ ಖಾಲಿಯೇ ಉಳಿಯಿತು. ಆಮೇಲೆ ಹೂದಾನಿ ಸರಿಸಿ ಅದರ ಕೆಳಗಿನ ಫಕ್ಕೀರವ್ವನ ಅರ್ಜಿಯನ್ನು ಎಳೆದು, ಮಡಿಕೆ ಬಿಡಿಸಿ, ಎಲ್ಲಕ್ಕಿಂತ ಮೇಲೆ ಇಟ್ಟಳು. ಹೂದಾನಿ ಅಲುಗಾಡಿತು. ಅಲುಗಾಡಲಿ ಎಂದು ಬಿಟ್ಟಳು.

ಒಂಬತ್ತಕ್ಕೆ ಮಂಜಪ್ಪ ಬಂದ. "ಆತೇನ್ರಿ ಅಕ್ಕಾರ?"

"ಇನ್ನೂ ಸ್ವಲ್ಪ ಐತಿ. ನೀ ಮುಂದ ನಡಿ."

"ಸಾಹೇಬ್ರು ಬೈತಾರ್ರಿ. ಹನ್ನೊಂದಕ್ಕ ಕಾಗದ ಅಲ್ಲಿ ಇರಬೇಕು."

"ಹನ್ನೊಂದಕ್ಕ ಅಲ್ಲಿ ಇರ್ತಾವ. ನಾ ಮಾತು ತಪ್ಪಿದ್ದು ನೀ ಎಂದಾರ ನೋಡಿಯೇನು?"

"ಇಲ್ರಿ."

"ಮತ್ತ ನಡಿ. ಹೆಬ್ಬೆಟ್ಟಿಗೆ ಸೀಮಿಎಣ್ಣಿ ಹಚ್ಚಿ ತೊಳಕೋ. ಶಾಯಿ ಹಂಗ ಹೋಗಂಗಿಲ್ಲ ಅದು."

ಮಂಜಪ್ಪ ಕೈ ಹಿಂದೆ ಮಾಡಿಕೊಂಡು ಹೊರಟುಹೋದ.

ನನಗೆ ವಯಸ್ಸಾಗಿದೆ. ಅಂಚಿಗೆ ತುಕ್ಕು ಬಂದಿದೆ, ಕೀಲು ಸಡಿಲವಾಗಿದೆ. ಇನ್ನು ಯಾವ ಬೆರಳೂ ನನ್ನ ಮೇಲೆ ಬರಲಿಕ್ಕಿಲ್ಲ. ಬರುವುದೂ ಬೇಡ. ರೇಷನ್ ಅಂಗಡಿಯಲ್ಲಿ ಈಗ ಬೆರಳು ಓದುವ ಯಂತ್ರ ಬಂದಿದೆಯಂತೆ. ಪೇಟೆಯ ಹೆಂಗಸರ ಬೆರಳು ಅದಕ್ಕೂ ತಿಳಿಯುವುದಿಲ್ಲವಂತೆ. ಆ ಯಂತ್ರದ ಮುಂದೆ ನಿಂತು ಅವರು ಏನೇನು ಬೈಯುತ್ತಾರೋ ಕೇಳಬೇಕೆಂದು ಆಸೆ. ನಾನು ಜೀವಮಾನವಿಡೀ ಬೇರೆಯವರ ಮಾತಿಗೆ ಗುರುತು ಕೊಟ್ಟೆ. ನನ್ನದೊಂದು ಸಹಿ ಹಾಕಲು ನನಗೆ ಯಾರೂ ಕಲಿಸಲಿಲ್ಲ. ಅವರಿಗೆ ಕಲಿಸಿದಳು ಒಬ್ಬಳು. ಅದು ಅವಳ ಮನೆಯ ಯಜಮಾನನಿಗೇ ಗೊತ್ತಿಲ್ಲ ಎನ್ನುವುದನ್ನು ನೆನೆದರೆ ಈ ತುಕ್ಕು ಹಿಡಿದ ಮೈಯೂ ಬಿಸಿಯಾಗುತ್ತದೆ.

ಇಂದಕ್ಕ ಹಾಳೆಗಳನ್ನೆಲ್ಲ ಮಡಚದೆ ಒಂದು ಬಟ್ಟೆಯ ಚೀಲಕ್ಕೆ ಇಳಿಸಿದಳು. ಚಸ್ಮಾದ ಡಬ್ಬಿ, ಎ.ಸಿ. ಕಚೇರಿಯ ಬಸ್ಸಿಗೆಂದು ಸ್ವಲ್ಪ ಚಿಲ್ಲರೆ, ಒಂದು ಬಾಟಲಿ ನೀರು. ಮೇಜಿನ 'ಶಾಸಕರು' ಎಂಬ ಹಿತ್ತಾಳೆ ಫಲಕ ಸೆರಗು ತಾಕಿ ಬಿತ್ತು, ಎತ್ತಿ ಇಟ್ಟಳು. ಮೊಬೈಲ್ ರಿಂಗಾಯಿತು. ಯಾರದೆಂದು ನೋಡಿ, ಅದನ್ನು ಮೇಜಿನ ಮೇಲೆಯೇ ಮಗುಚಿ ಇಟ್ಟಳು.

ಅಡುಗೆಮನೆಯಿಂದ ಕೆಲಸದ ರತ್ನವ್ವ ಕೂಗಿ ಕೇಳಿದಳು: "ಅವ್ವಾರ, ಮಧ್ಯಾಹ್ನಕ್ಕ ಏನ್ ಅಡಗಿ ಮಾಡ್ಲಿರಿ?"

ಇಂದಕ್ಕ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಳು.

"ನಿನಗ ಏನು ಬೇಕೋ ಅದನ್ನ ಮಾಡ್ಕೊಂಡು ಉಣ್ಣು," ಎಂದಳು.